ತುರಿಕೆಗೆ ಹಾಕಿದ ಹನಿ, ಕಣ್ಣಿಗೆ ಬಂದ ಒತ್ತಡ

ಮೊನ್ನೆ ಮಂಗಳೂರಿನಿಂದ ಬಂದವನು ಕಣ್ಣಿನ ಫೈಲನ್ನು ಕಪಾಟಿನ ಮೇಲೆ ಇಟ್ಟೆ. ಎಂಟು ತಿಂಗಳಲ್ಲಿ ಅದು ಎರಡು ಪಂಚಾಂಗದಷ್ಟು ದಪ್ಪ ಆಗಿದೆ. ಎಲ್ಲ ನೆನಪಿರುವಾಗಲೇ ಬರೆದುಬಿಡುವ ಅಂತ ಕೂತಿದ್ದೇನೆ. ಈ ಎಂಟು ತಿಂಗಳಲ್ಲಿ "ಪೊರೆ ಅಲ್ವಾ, ತೆಗೆಸಿದ್ರೆ ಆಯ್ತು" ಅಂತ ನನಗೆ ಧೈರ್ಯ ಹೇಳಿದವರಿಗೆ ಲೆಕ್ಕವಿಲ್ಲ. ಅವರು ಹೇಳಿದ್ದು ಅರ್ಧ ಸರಿ. ಉಳಿದ ಅರ್ಧವೇ ನನ್ನನ್ನು ಓಡಾಡಿಸಿದ್ದು.

ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ. ಮದುವೆ, ಉಪನಯನದ ಕಾಗದ, ಯಕ್ಷಗಾನ ಆಟದ ನೋಟೀಸು, ಮಲಯಾಳ ಓದಲು ಬಾರದವರ ಅರ್ಜಿ, ಇಂಥವು. ಮನೆ ನೀರ್ಚಾಲು ಕಡೆ. ಸ್ವಲ್ಪ ಅಡಿಕೆ ತೋಟ ಇದೆ. ವಯಸ್ಸು 52. ಅಡಿಕೆ ಸುಲಿಯುವ ದಿನಗಳಲ್ಲಿ ಧೂಳಿಗೆ ಕಣ್ಣು ಕೆಂಪಾಗಿ ತುರಿಸುವುದು ಸಣ್ಣಂದಿನಿಂದಲೂ ಇದ್ದದ್ದೇ.

ಮೂರು ವರ್ಷದ ಹಿಂದೆ ಭಾವನ ಕಣ್ಣಿನ ಆಪರೇಷನ್ ಆಗಿತ್ತು. ಅವರು ಹಾಕಿ ಉಳಿದ ಒಂದು ಹನಿಯ ಬಾಟಲಿ ಅಕ್ಕನ ಮನೆಯ ಫ್ರಿಜ್ಜಿನಲ್ಲಿತ್ತು. "ಇದನ್ನು ಹಾಕಿ ನೋಡು, ತಂಪಾಗ್ತದೆ" ಅಂತ ಅಕ್ಕ ಕೊಟ್ಟಳು. ಹಾಕಿದೆ. ಮಾರನೇ ದಿನ ಬೆಳಗ್ಗೆ ಕಣ್ಣು ಬೆಳ್ಳಗೆ, ತುರಿಕೆಯ ಸುದ್ದಿಯೇ ಇಲ್ಲ. ಆಮೇಲೆ ಖಾಲಿ ಬಾಟಲಿ ತೋರಿಸಿ ಮೆಡಿಕಲ್ಲಿನಲ್ಲಿ ಅದನ್ನೇ ತಂದೆ. ಚೀಟಿ ಎಲ್ಲಿ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಸಿಕೊಳ್ಳುವ ಆಸೆಯಲ್ಲಿ ಇರಲಿಲ್ಲ ಅನ್ನಿ. ಬೇಸಗೆಗೆ ಅಂತ ಶುರುವಾದದ್ದು ಕ್ರಮೇಣ ವರ್ಷಪೂರ್ತಿ ಆಯಿತು. ಮೇಜಿನ ಮೇಲೆ ಮೌಸಿನ ಪಕ್ಕ ಬಾಟಲಿ ಇದ್ದೇ ಇರುತ್ತಿತ್ತು.

ಕಳೆದ ಫೆಬ್ರವರಿಯಲ್ಲಿ ಒಂದು ಮದುವೆ ಕಾಗದದಲ್ಲಿ ಮುಹೂರ್ತ 11-38 ಇದ್ದದ್ದನ್ನು 11-36 ಅಂತ ಹೊಡೆದೆ. ಪ್ರೂಫನ್ನು ಎರಡು ಸಲ ಓದಿದ್ದೆ. 300 ಕಾಗದ ಮತ್ತೆ ಅಚ್ಚು ಹಾಕಬೇಕಾಯಿತು. ಅದೇ ವಾರ ಕುಂಬಳೆಯಿಂದ ರಾತ್ರಿ ಬೈಕಿನಲ್ಲಿ ಬರುವಾಗ ಎದುರಿನ ಗಾಡಿಯ ಲೈಟು ಒಡೆದ ಗಾಜಿನ ಹಾಗೆ ಕಣ್ಣು ತುಂಬ ಚೆಲ್ಲಿತು. ಬೈಕು ನಿಲ್ಲಿಸಿ, ಅದು ಹೋಗುವವರೆಗೆ ಕಾದೆ. ಮಧ್ಯಾಹ್ನದ ಬಿಸಿಲಲ್ಲಿ ಕಾಣುವುದು ಕಡಿಮೆ, ಸಂಜೆ ಹೊತ್ತು ಎಷ್ಟೋ ವಾಸಿ. ಕನ್ನಡಕದ ನಂಬರ್ ಬದಲಾಗಿರಬೇಕು ಅಂದುಕೊಂಡೆ. ಕನ್ನಡಕದ ಅಂಗಡಿಯ ಹುಡುಗ ಮೆಷಿನಿನಲ್ಲಿ ನೋಡಿ, "ನಂಬರಿಗೆ ನಿಲ್ತಾ ಇಲ್ಲ ಅಣ್ಣಾ, ಡಾಕ್ಟ್ರಿಗೆ ತೋರಿಸಿ" ಅಂದ. ಕನ್ನಡಕ ಮಾರುವ ಅವಕಾಶ ಬಿಟ್ಟು ಆ ಮಾತು ಹೇಳಿದನಲ್ಲ, ಅವನಿಗೆ ಇವತ್ತಿಗೂ ಥ್ಯಾಂಕ್ಸ್ ಹೇಳುತ್ತೇನೆ.

ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ತಲಪಾಡಿ ದಾಟುವುದು ಯಾರಿಗೂ ಬೇರೆ ರಾಜ್ಯ ಅಂತ ಅನಿಸುವುದೇ ಇಲ್ಲ. 2020ರಲ್ಲಿ ಗಡಿ ಮುಚ್ಚಿದಾಗ ಮಾತ್ರ ಅದರ ಬಿಸಿ ಗೊತ್ತಾಗಿತ್ತು. ಬೆಳಗ್ಗೆ ಹೊರಟು ಹತ್ತು ಗಂಟೆಗೆ ಟೋಕನ್ ತೆಗೆದುಕೊಂಡೆ. ನಂಬರ್ 47.

ಮೊದಲು ಒಂದು ಮೆಷಿನು ಕಣ್ಣಿಗೆ ಫುಸ್ ಅಂತ ಗಾಳಿ ಊದಿತು. ಅಲ್ಲಿದ್ದ ಹುಡುಗಿ ನಂಬರ್ ನೋಡಿ, ಇನ್ನೊಮ್ಮೆ ಊದಿಸಿ, ಏನೂ ಹೇಳದೆ ಚೀಟಿಯಲ್ಲಿ ಬರೆದಳು. ಒಳಗೆ ಡಾಕ್ಟ್ರು ಮರಗಟ್ಟುವ ಹನಿ ಹಾಕಿ, ಹಳದಿ ಬಣ್ಣ ಸೋಕಿಸಿ, ಗಲ್ಲವನ್ನು ಸ್ಟ್ಯಾಂಡಿನ ಮೇಲೆ ಇಡಿಸಿದರು. ನೀಲಿ ಬೆಳಕಿನ ಸಣ್ಣ ಕೊಳವೆಯೊಂದು ಕಣ್ಣಿನ ಹತ್ತಿರ ಹತ್ತಿರ ಬಂದು ಮುಟ್ಟಿತು. ನೋವಿಲ್ಲ, ಮುಟ್ಟಿದ್ದು ಗೊತ್ತೂ ಆಗುವುದಿಲ್ಲ. ಬಲಗಣ್ಣು 34, ಎಡಗಣ್ಣು 28. ಸಾಮಾನ್ಯವಾಗಿ ಪಾದರಸದ ಲೆಕ್ಕದಲ್ಲಿ 10ರಿಂದ 21 ಮಿಲಿಮೀಟರ್ ಇರುತ್ತದಂತೆ.

"ಪೊರೆ ಇದೆ. ಅದಕ್ಕೆ ಅವಸರ ಇಲ್ಲ. ಪ್ರೆಷರಿಗೆ ಅವಸರ ಇದೆ" ಅಂದರು.

"ನನಗೆ ಪ್ರೆಷರ್ ಇಲ್ಲ ಡಾಕ್ಟ್ರೇ. ಮೊನ್ನೆ ನೋಡಿಸಿದ್ದೆ, 120-80."

"ಅದು ರಕ್ತದ್ದು. ಇದು ಕಣ್ಣಿನ ಒಳಗಿನದು. ಕಣ್ಣಿಗೆ ಏನಾದ್ರೂ ಹಾಕ್ತೀರಾ?"

ಅಂಗಿಯ ಕಿಸೆಯಿಂದ ಬಾಟಲಿ ತೆಗೆದು ಕೊಟ್ಟೆ. ಅವರು ಲೇಬಲ್ ಓದಿದರು. ಎಷ್ಟು ದಿನದಿಂದ ಅಂತ ಕೇಳಿದರು. "ದಿನ ಅಲ್ಲ, ಮೂರು ವರ್ಷ" ಅಂದಾಗ ಬಾಟಲಿಯನ್ನು ನನಗೆ ವಾಪಸ್ ಕೊಡಲಿಲ್ಲ. ಅವರ ಡ್ರಾವರಿನಲ್ಲೇ ಹಾಕಿಕೊಂಡರು.

ಆ ಹನಿಯಲ್ಲಿ ಸ್ಟೀರಾಯ್ಡ್ ಇತ್ತು. ತುರಿಕೆಯನ್ನು ಅದು ಜಾದೂ ಹಾಗೆ ತೆಗೆಯುತ್ತದೆ. ಡಾಕ್ಟ್ರು ನೋಡಿಕೊಂಡು ನಾಲ್ಕು ದಿನ ಕೊಟ್ಟರೆ ಒಳ್ಳೆ ಮದ್ದೇ. ತಿಂಗಳುಗಟ್ಟಲೆ ಹಾಕಿದರೆ ಎರಡು ಕೆಲಸ ಮಾಡುತ್ತದೆ. ಒಂದು, ಕಣ್ಣಿನ ಮಸೂರದ ಹಿಂಬದಿಯಲ್ಲಿ ಪೊರೆ ಕಟ್ಟುತ್ತದೆ. ನನಗೆ ಬಿಸಿಲಲ್ಲಿ ಮತ್ತು ಲೈಟಿಗೆ ಕಷ್ಟ ಆಗುತ್ತಿದ್ದದ್ದು ಇದರಿಂದ. ಎರಡು, ಕಣ್ಣಿನ ಒಳಗಿನ ನೀರು ಹೊರಗೆ ಹೋಗುವ ಜಾಲರಿ ಕಟ್ಟಿಕೊಳ್ಳುವ ಹಾಗೆ ಮಾಡುತ್ತದೆ.

ಇದು ನನಗೆ ಅರ್ಥವಾದದ್ದು ಮನೆಯ ಸುರಂಗ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಿಲ, ನೆನೆದುಕೊಂಡಾಗ. ಸುರಂಗದ ನೀರು ಹಗಲು ರಾತ್ರಿ ಟಾಂಕಿಗೆ ಬೀಳುತ್ತಲೇ ಇರುತ್ತದೆ, ಅದನ್ನು ನಿಲ್ಲಿಸಲಿಕ್ಕೆ ಆಗುವುದಿಲ್ಲ. ಹೊರಗೆ ಹೋಗುವ ಪೈಪಿಗೆ ಸೋಗೆ, ಎಲೆ ಸಿಕ್ಕಿಕೊಂಡರೆ ನೀರು ಏರುತ್ತದೆ. ಟಾಂಕಿಯಾದರೆ ಮೇಲಿನಿಂದ ತುಳುಕಿ ಹೋದೀತು. ಕಣ್ಣಿಗೆ ಆ ದಾರಿಯೂ ಇಲ್ಲ. ಒತ್ತಡ ಹಿಂದಿನ ನರದ ಮೇಲೆ ಬೀಳುತ್ತದೆ, ನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ಅದೇ ಗ್ಲಾಕೋಮಾ. ಪೊರೆಯನ್ನು ತೆಗೆದು ಬೇರೆ ಲೆನ್ಸ್ ಇಡಬಹುದು. ಸತ್ತ ನರಕ್ಕೆ ಬದಲಿ ಇಲ್ಲ. ಇಷ್ಟೆಲ್ಲ ಆಗುವಾಗ ನೋವಿಲ್ಲ, ಕೆಂಪಿಲ್ಲ. ನನಗಂತೂ ಆ ಹನಿಯ ದಯೆಯಿಂದ ಕಣ್ಣು ಹಿಂದೆಂದಿಗಿಂತ ಬೆಳ್ಳಗಿತ್ತು.

ಎಲ್ಲರಿಗೂ ಹೀಗೆ ಒತ್ತಡ ಏರುವುದಿಲ್ಲ. ಕೆಲವರಿಗೆ ಸ್ವಲ್ಪ ಏರುತ್ತದೆ, ಕೆಲವೇ ಜನರಿಗೆ ಜೋರಾಗಿ. ನೀವು ಯಾವ ಗುಂಪು ಅಂತ ಮೊದಲೇ ಹೇಳಲಿಕ್ಕೆ ಬರುವುದಿಲ್ಲ. ಭಾವ ಅದೇ ಹನಿ ಹಾಕಿದವರು, ಅವರಿಗೆ ಏನೂ ಆಗಲಿಲ್ಲ. ನಿಮ್ಮ ಮನೆಯ ಫ್ರಿಜ್ಜಿನಲ್ಲಿ ಹನಿ ಇದ್ದರೆ ಒಮ್ಮೆ ಎದ್ದುಹೋಗಿ ಲೇಬಲ್ ನೋಡಿ. ಮದ್ದಿನ ಹೆಸರು 'ಸೋನ್' ಅಥವಾ 'ಲೋನ್' ಅಂತ ಮುಗಿದರೆ, ಅಂದರೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಈ ಥರ ಇದ್ದರೆ, ಅದು ಇದೇ ಜಾತಿ. ಕೆಲವು ಬಾಟಲಿಗಳಲ್ಲಿ ಆಂಟಿಬಯೋಟಿಕ್ ಜೊತೆ ಸೇರಿಸಿರುತ್ತಾರೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಈಗ ಡಾಕ್ಟ್ರು ಹೇಳಿ ಹಾಕುತ್ತಿದ್ದರೆ ನನ್ನ ಮಾತು ಕೇಳಿ ನಿಲ್ಲಿಸಬೇಡಿ, ಅವರನ್ನೇ ಕೇಳಿ.

ಆ ದಿನ ನಾನು ಒಬ್ಬನೇ ಹೋಗಿದ್ದೆ. ಅದು ತಪ್ಪು. ಪಾಪೆ ದೊಡ್ಡದು ಮಾಡುವ ಹನಿ ಹಾಕಿದ ಮೇಲೆ ಹೊರಗೆ ಬಂದರೆ ಬಿಸಿಲು ಕಣ್ಣಿಗೆ ಸುಣ್ಣ ಬಳಿದ ಹಾಗೆ. ಬಸ್ಸಿನ ಬೋರ್ಡು ಕನ್ನಡವೋ ಮಲಯಾಳವೋ ಅಂತಲೂ ಗೊತ್ತಾಗುತ್ತಿರಲಿಲ್ಲ. ಕಂಡಕ್ಟರ್ "ಕುಂಬಳೆ, ಕಾಸರಗೋಡು" ಅಂತ ಕೂಗಿದ ಸ್ವರ ಹಿಡಿದು ಹತ್ತಿದೆ.

ಮುಂದಿನ ವಾರ ಹೆಂಡತಿಯ ಜೊತೆ ಹೋದೆ. ಅದು ಪೂರ್ತಿ ಟೆಸ್ಟಿನ ದಿನ. ಕಣ್ಣಿನ ಮುಂದಿನ ಪದರ ಎಷ್ಟು ದಪ್ಪ ಅಂತ ಅಳೆದರು. ಅದು ದಪ್ಪ ಇದ್ದರೆ ಒತ್ತಡ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ, ತೆಳು ಇದ್ದರೆ ಕಡಿಮೆ. ನನ್ನದು ತೆಳುವಿನ ಕಡೆಗೆ. ಕಣ್ಣಿನ ಮೇಲೆ ಕನ್ನಡಿ ಇರುವ ಲೆನ್ಸ್ ಇಟ್ಟು ನೀರು ಹೋಗುವ ಮೂಲೆ ತೆರೆದಿದೆಯಾ ನೋಡಿದರು. ತೆರೆದಿತ್ತು. ಓಸಿಟಿ ಅಂತ ನರದ ಸ್ಕ್ಯಾನು ಎರಡು ನಿಮಿಷದ ಕೆಲಸ. ಆಮೇಲೆ ಫೀಲ್ಡ್ ಟೆಸ್ಟ್, ಅಂದರೆ ನೇರ ನೋಡುವಾಗ ಸುತ್ತಮುತ್ತ ಎಷ್ಟು ಕಾಣುತ್ತದೆ ಅಂತ ನೋಡುವುದು.

ಇದರ ಬಗ್ಗೆ ಸ್ವಲ್ಪ ಹೇಳಬೇಕು. ಕತ್ತಲೆ ಕೋಣೆ. ದೊಡ್ಡ ಬಿಳಿ ಬೋಗುಣಿಯ ಒಳಗೆ ಮುಖ ಇಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಹಳದಿ ಚುಕ್ಕೆಯನ್ನೇ ನೋಡಬೇಕು. ಸುತ್ತಮುತ್ತ ಎಲ್ಲಾದರೂ ಬೆಳಕು ಮಿಣುಕಿದರೆ ಕೈಯ ಬಟನ್ ಒತ್ತಬೇಕು. ಕೆಲವು ಮಿಂಚುಹುಳದಷ್ಟು, ಕೆಲವು ಇದೆಯೋ ಇಲ್ಲವೋ ಅನ್ನುವಷ್ಟು. ಎಷ್ಟೋ ಹೊತ್ತು ಏನೂ ಕಾಣದಾಗ, ನಾನು ಫೇಲ್ ಆಗುತ್ತಿದ್ದೇನೆ ಅಂತ ಹೆದರಿ ಸುಮ್ನೆ ನಾಲ್ಕು ಸಲ ಒತ್ತಿದೆ. ಮೆಷಿನಿಗೆ ಅದೂ ಗೊತ್ತಾಗುತ್ತದೆ! ರಿಪೋರ್ಟು ನಂಬುವ ಹಾಗಿಲ್ಲ ಅಂತ ಬಂತು, ಇನ್ನೊಂದು ದಿನ ಮತ್ತೆ ಮಾಡಿಸಬೇಕಾಯಿತು. ಕಾಣದ ಬೆಳಕಿಗೆ ಒತ್ತಬೇಡಿ. ಸರಿ ಇರುವ ಕಣ್ಣಿಗೂ ಆ ಬೆಳಕಿನಲ್ಲಿ ಸುಮಾರು ಕಾಣುವುದಿಲ್ಲ, ಟೆಸ್ಟ್ ಇರುವುದೇ ಹಾಗೆ. ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದು ಹೋಗಿ.

ಎರಡನೇ ಸಲದ ರಿಪೋರ್ಟಿನಲ್ಲಿ ಬಲಗಣ್ಣಿನ ಚಿತ್ರ ಇಡೀ ಬೂದಿ ಬೂದಿ. ನನಗೆ ಜೀವ ಹೋದ ಹಾಗೆ ಆಯಿತು. ಡಾಕ್ಟ್ರು ಹೇಳಿದರು, ಪೊರೆ ಇರುವ ಕಣ್ಣಿನಲ್ಲಿ ಬೆಳಕೇ ಒಳಗೆ ಸರಿಯಾಗಿ ಹೋಗುವುದಿಲ್ಲ. ಈ ಬೂದಿಯಲ್ಲಿ ಪೊರೆಯದ್ದು ಎಷ್ಟು, ನರದ್ದು ಎಷ್ಟು ಅಂತ ಪೊರೆ ತೆಗೆದ ಮೇಲೆಯೇ ಪೂರ್ತಿ ಗೊತ್ತಾಗುವುದು. ಬಲಗಣ್ಣಿನ ನರಕ್ಕೆ ಪೆಟ್ಟು ಬಿದ್ದಿದೆ ಅನ್ನುವುದು ಸ್ಕ್ಯಾನಿನಲ್ಲಿ ಖಂಡಿತ ಇತ್ತು.

ಎರಡು ದಿನದ ಎಲ್ಲ ಟೆಸ್ಟು ಸೇರಿ ನನಗೆ 4,200 ರೂಪಾಯಿ ಆಯಿತು. ಊಟ, ಬಸ್ಸು ಬೇರೆ.

ಕಾಯುವ ಕುರ್ಚಿಗಳಲ್ಲಿ ಕೂತು ಕಲಿತದ್ದು ಕಡಿಮೆಯಲ್ಲ. ಉಪ್ಪಳದ ಒಬ್ಬರು ಬ್ಯಾರಿ ಹಿರಿಯರು ಸಿಕ್ಕಿದ್ದರು. ಅವರಿಗೆ ಹನಿಯಲ್ಲಿ ಒತ್ತಡ ಇಳಿಯದೆ, ನೀರು ಹೋಗಲು ಹೊಸ ದಾರಿ ಮಾಡುವ ಆಪರೇಷನ್ ಆಗಿತ್ತು. ಒತ್ತಡ ಇಳಿಯಿತು, ಎರಡು ವರ್ಷದೊಳಗೆ ಅದೇ ಕಣ್ಣಿಗೆ ಪೊರೆ ಬಂತು. ಆ ಆಪರೇಷನ್ ಆದವರಿಗೆ ಪೊರೆ ಬೇಗ ಬರುವುದು ಜಾಸ್ತಿಯಂತೆ. "ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ" ಅಂತ ನಕ್ಕರು.

ಆಗ ನನಗೆ ನೆನಪಾದದ್ದು ಸೋದರತ್ತೆ. ಅವರ ಪೊರೆ 'ಹಣ್ಣಾಗಲಿ' ಅಂತ ಮನೆಯವರು ಕಾದಿದ್ದರು. ಒಂದು ರಾತ್ರಿ ತಲೆ ಸಿಡಿಯುವ ನೋವು, ವಾಂತಿ, ಕಣ್ಣು ಕೆಂಪು. ಪಿತ್ತ ಅಂತ ಕಷಾಯ ಕೊಟ್ಟರು. ನಾಲ್ಕು ದಿನ ಬಿಟ್ಟು ಆಸ್ಪತ್ರೆಗೆ ಹೋದಾಗ ಆ ಕಣ್ಣು ಮುಗಿದಿತ್ತು. ನಾನು ಕೇಳಿದ್ದಕ್ಕೆ ಡಾಕ್ಟ್ರು ಹೇಳಿದ್ದು: ಬಲಿತ ಪೊರೆ ಉಬ್ಬಿ ನೀರಿನ ದಾರಿಯನ್ನು ಮುಚ್ಚಿದರೆ ಒತ್ತಡ ಒಂದೇ ಸಲ ಏರುತ್ತದೆ, ಅದು ಎಮರ್ಜೆನ್ಸಿ. ಕಣ್ಣು ನೋವಿನ ಜೊತೆ ವಾಂತಿ, ಲೈಟಿನ ಸುತ್ತ ಬಣ್ಣದ ಬಳೆ ಕಂಡರೆ ಆ ರಾತ್ರಿಯೇ ಹೊರಡಬೇಕು. ಪೊರೆಯಿಂದ ಒತ್ತಡ, ಒತ್ತಡದ ಆಪರೇಷನ್ನಿನಿಂದ ಪೊರೆ, ನನ್ನ ಹಾಗೆ ಒಂದೇ ಬಾಟಲಿಯಿಂದ ಎರಡೂ. ಬರೀ ಒತ್ತಡ ಜಾಸ್ತಿ ಇದ್ದ ಮಾತ್ರಕ್ಕೆ ಪೊರೆ ಬಂತು ಅಂತ ಅಲ್ಲ. ಇಷ್ಟನ್ನು ಬಿಡಿಸಿಕೊಳ್ಳಲಿಕ್ಕೆ ನನಗೆ ನಾಲ್ಕು ವಿಸಿಟ್ ಬೇಕಾಯಿತು.

ಒತ್ತಡ ಇಳಿಸುವ ಮದ್ದು ಶುರು ಮಾಡುವಾಗ ಡಾಕ್ಟ್ರು ದಮ್ಮು ಇದೆಯಾ ಅಂತ ಕೇಳಿದರು. ಧೂಳಿಗೆ ಸ್ವಲ್ಪ ಉಬ್ಬಸ ಇದೆ ಅಂದೆ. ಹಾಗಾದರೆ ಟಿಮೊಲಾಲ್ ಅನ್ನುವ ಹನಿ ಬೇಡ ಅಂದರು. ಕಣ್ಣಿಗೆ ಹಾಕುವ ಹನಿ ಎದೆಗೆ ಹೋಗುತ್ತದೆ ಅಂತ ಯಾರು ನೆನೆಸುತ್ತಾರೆ? ದಮ್ಮು ಇರುವವರು, ನಾಡಿ ನಿಧಾನ ಇರುವವರು ಕೇಳದಿದ್ದರೂ ಹೇಳಿಬಿಡಿ. ನನಗೆ ರಾತ್ರಿ ಒಂದು ಹನಿ ಲ್ಯಾಟನೊಪ್ರೊಸ್ಟ್, ಹಗಲು ಎರಡು ಸಲ ಬ್ರಿಮೊನಿಡಿನ್, ಮೊದಲ ಐದು ದಿನ ಅಸೆಟಜೋಲಮೈಡ್ ಮಾತ್ರೆ. ತುರಿಕೆಗೆ ಸ್ಟೀರಾಯ್ಡ್ ಇಲ್ಲದ ಬೇರೆ ಹನಿ.

ಆ ಮಾತ್ರೆಯ ಐದು ದಿನ ಬೆರಳ ತುದಿ ಜುಮ್ ಜುಮ್ ಅನ್ನುತ್ತಿತ್ತು. ಕೀಬೋರ್ಡಿನಲ್ಲಿ ಒತ್ತಕ್ಷರ ಹೊಡೆಯುವಾಗ ಇರುವೆ ಹರಿದ ಹಾಗೆ. ಸೋಡಾ ಶರಬತ್ತು ಕುಡಿದರೆ ಲೋಹದ ರುಚಿ. ಹೆದರಬೇಡಿ, ಮಾತ್ರೆ ಬಿಟ್ಟ ಮೇಲೆ ಹೋಗುತ್ತದೆ. ಬ್ರಿಮೊನಿಡಿನ್ ಬಾಯಿ ಒಣಗಿಸುತ್ತದೆ, ಮಧ್ಯಾಹ್ನ ತೂಕಡಿಕೆ ತರುತ್ತದೆ. ಲ್ಯಾಟನೊಪ್ರೊಸ್ಟ್ ತೆರೆಯುವವರೆಗೆ ಫ್ರಿಜ್ಜಿನಲ್ಲಿ ಇಡಬೇಕು ಅಂತ ನನ್ನ ಬಾಟಲಿಯ ಮೇಲಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಇರುವುದೇ ಅಪರೂಪ, ಹಾಗಾಗಿ ಒಂದೊಂದೇ ಬಾಟಲಿ ತಂದೆ. ತೆರೆದ ದಿನವನ್ನು ಪೆನ್ನಿನಲ್ಲಿ ಬಾಟಲಿಯ ಮೇಲೆ ಬರೆದೆ. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ ಮೂಗಿನ ಹತ್ತಿರದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿದರೆ ಮದ್ದು ಗಂಟಲಿಗೆ ಇಳಿಯುವುದು ಕಡಿಮೆ. ಎರಡು ಹನಿಗಳ ನಡುವೆ ಐದು ನಿಮಿಷ ಬಿಡಬೇಕು. ತಿಂಗಳಿಗೆ ಹನಿಗಳಿಗೇ 900 ರೂಪಾಯಿ ಹತ್ತಿರ.

ಆರು ವಾರಕ್ಕೆ ಬಲ 20, ಎಡ 16. "ಇನ್ನು ಪೊರೆಗೆ ಕೈ ಹಾಕಬಹುದು" ಅಂದರು.

ಹಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಸಿಟ್ಟು ಬರುತ್ತದೆ. ಊರಿಗೆಲ್ಲ ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡಿನ ಬಗ್ಗೆ ಹೇಳುವವನು ನಾನು, ನನ್ನ ರೇಶನ್ ಕಾರ್ಡಿಗೆ ಅದು ಸಿಗುವುದಿಲ್ಲ. ಖಾಸಗಿ ಪಾಲಿಸಿ ಇತ್ತು. ಪೊರೆಗೆ ಎರಡು ವರ್ಷ ಕಾಯಬೇಕು ಅಂತ ಅದರ ಒಳಪುಟದಲ್ಲಿ ಇದ್ದದ್ದನ್ನು, ದಿನವಿಡೀ ಬೇರೆಯವರ ಕಾಗದ ಓದುವ ನಾನೇ ಓದಿರಲಿಲ್ಲ. 14 ತಿಂಗಳು ಆಗಿತ್ತು. ಬಲಗಣ್ಣಿನ ಆಪರೇಷನ್ನಿಗೆ 28,000 ಕೈಯಿಂದಲೇ ಹೋಯಿತು. ಆಸ್ಪತ್ರೆಯ ಕೌಂಟರಿನವರು ಹತ್ತಿರ ದೂರ ಎರಡೂ ಕಾಣುವ ದುಬಾರಿ ಲೆನ್ಸ್ ಒಳ್ಳೆಯದು ಅಂತ ಒತ್ತಾಯ ಮಾಡಿದರು. ಡಾಕ್ಟ್ರನ್ನು ಕೇಳಿದಾಗ, ನರಕ್ಕೆ ಪೆಟ್ಟು ಬಿದ್ದ ಕಣ್ಣಿಗೆ ಅದು ಬೇಡ, ಮಂಕಾಗಿ ಕಾಣಬಹುದು, ಸಾದಾ ಲೆನ್ಸೇ ಸರಿ ಅಂದರು. ಓದಲು ಕನ್ನಡಕ ಹೇಗೂ ಇದೆ.

ಶುಗರ್, ಬಿಪಿ, ಇಸಿಜಿ, ಲೆನ್ಸಿನ ಅಳತೆ ಎಲ್ಲ ಒಂದೇ ದಿನ ಆಯಿತು. ಆಪರೇಷನ್ ಇಪ್ಪತ್ತು ನಿಮಿಷ. ಸೂಜಿ ಇಲ್ಲ, ಹನಿಯಲ್ಲೇ ಮರಗಟ್ಟಿಸಿದರು. ಮೂರು ಬೆಳಕು ನೀರಿನೊಳಗೆ ಕರಗಿದ ಹಾಗೆ ಕಂಡವು, ಅಷ್ಟೆ.

ಫಜೀತಿ ಆದದ್ದು ಆಮೇಲೆ. ಸಂಜೆ ಕಣ್ಣಿಗೆ ಬ್ಯಾಂಡೇಜು ಕಟ್ಟಿಸಿಕೊಂಡು ಕೂತಿದ್ದೆ. ಕೈಗೆ ಒಂದು ಅಚ್ಚು ಹಾಕಿದ ಹನಿಯ ಪಟ್ಟಿ, ಒಂದು ಚೀಲ ಮದ್ದು ಬಂತು. "ಒಂದೊಂದೇ ಹೆಸರು ಓದು" ಅಂದೆ ಹೆಂಡತಿಗೆ. ಅವಳು ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ಕೂಡಿಸಿ ಕೂಡಿಸಿ ಓದಿದಳು. "ಪ್ರೆ... ಡ್ನಿ... ಸೊ... ಲೋನ್."

"ಲೋನಾ? ಇನ್ನೊಮ್ಮೆ ಓದು."

"ಲೋನೇ ಮಾರಾಯ್ರೆ. ಆರು ವಾರ ಅಂತ ಬರೆದಿದ್ದಾರೆ."

ಎದ್ದು ಕೌಂಟರಿಗೆ ಹೋದೆ. "ಪೊರೆ ಆದ ಎಲ್ಲರಿಗೂ ಇದೇ ಸರ್" ಅಂದರು. ನಿಜ, ಪೊರೆ ತೆಗೆದ ಮೇಲೆ ಒಳಗಿನ ಊತ ಇಳಿಸಲು ಸಾಮಾನ್ಯವಾಗಿ ಸ್ಟೀರಾಯ್ಡ್ ಹನಿಯನ್ನೇ ಕೊಡುತ್ತಾರೆ. ಭಾವನ ಫ್ರಿಜ್ಜಿನ ಬಾಟಲಿ ಬಂದದ್ದೂ ಹಾಗೆಯೇ. ನನಗೆ ಸ್ಟೀರಾಯ್ಡಿಗೆ ಒತ್ತಡ ಏರುತ್ತದೆ ಅಂತ ಫೈಲಿನ ಮೊದಲ ಪುಟದಲ್ಲಿ ಕೆಂಪಿನಲ್ಲಿ ಬರೆದದ್ದನ್ನು ತೋರಿಸಿ, ಡಾಕ್ಟ್ರಿಗೆ ಫೋನ್ ಮಾಡಿ ಅಂತ ಹಟ ಹಿಡಿದೆ. ಅರ್ಧ ಗಂಟೆ ಬಿಟ್ಟು ಪಟ್ಟಿ ಬದಲಾಯಿತು. ಒತ್ತಡವನ್ನು ಅಷ್ಟಾಗಿ ಏರಿಸದ ಹಗುರ ಸ್ಟೀರಾಯ್ಡ್, ಅದೂ ಎರಡೇ ವಾರ. ಜೊತೆಗೆ ಸ್ಟೀರಾಯ್ಡ್ ಅಲ್ಲದ ಊತದ ಹನಿ. ಮಾರನೇ ದಿನ, ಏಳನೇ ದಿನ, ಮೂರನೇ ವಾರ ಒತ್ತಡ ನೋಡಿಸಲೇಬೇಕು ಅಂದರು. ಅಚ್ಚಿನ ಪಟ್ಟಿ ಎಲ್ಲರಿಗೂ ಒಂದೇ ಇರುತ್ತದೆ. ನಿಮ್ಮ ಚೀಲವನ್ನು ಅಲ್ಲೇ ಬಿಚ್ಚಿ ಓದಿಸಿಕೊಳ್ಳಿ, ಬಸ್ಸು ಹತ್ತಿದ ಮೇಲೆ ಅಲ್ಲ.

ಮಾರನೇ ದಿನ ಬ್ಯಾಂಡೇಜು ತೆಗೆದಾಗ ಹೆಂಡತಿಯ ಸೀರೆ ಕಂಡಿತು. ನಾನು ಕಂದು ಅಂದುಕೊಂಡಿದ್ದ ಸೀರೆ ನೇರಳೆ. ಒತ್ತಡ 24. ಎರಡು ಮಾತ್ರೆ ಕೊಟ್ಟರು, ಏಳನೇ ದಿನಕ್ಕೆ 17.

ಅಕ್ಕನನ್ನೂ ತಮ್ಮನನ್ನೂ ಕರೆದುಕೊಂಡು ಹೋಗಿ ನೋಡಿಸಿದೆ. ಒಡಹುಟ್ಟಿದವರು ನೋಡಿಸಿಕೊಳ್ಳಬೇಕು ಅಂತ ಡಾಕ್ಟ್ರೇ ಹೇಳಿದ್ದು. ತಮ್ಮನದು ಸರಿ ಇದೆ. ಅಕ್ಕನಿಗೆ 23, ಆರು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಬಾಟಲಿ ಕೊಟ್ಟದ್ದು ತಾನೇ ಅಂತ ಅವಳು ದಾರಿಯುದ್ದ ಮಾತಾಡಲಿಲ್ಲ. ಮಂಜೇಶ್ವರ ದಾಟಿದ ಮೇಲೆ ಕಡಲೆ ಪೊಟ್ಟಣ ಬಿಚ್ಚಿ ಅರ್ಧ ನನಗೆ ಕೊಟ್ಟಳು.

ಮೊನ್ನೆ ಹೋದದ್ದು ಹೊಸ ಫೀಲ್ಡ್ ಟೆಸ್ಟಿಗೆ. ಈ ಸಲ ಕಾಣದ ಬೆಳಕಿಗೆ ಒತ್ತಲಿಲ್ಲ. ಅಂಗಡಿಗೆ ಬಂದು ಹಳೆಯ ಚಿತ್ರವನ್ನೂ ಹೊಸದನ್ನೂ ಪ್ರೂಫ್ ನೋಡುವ ಹಾಗೆ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಬೂದಿ ಹೋಗಿದೆ. ಮೇಲ್ಭಾಗದಲ್ಲಿ ಮೂಗಿನ ಕಡೆಗೆ ಬಿಲ್ಲಿನಂತೆ ಬಾಗಿದ ಒಂದು ಕಪ್ಪು ಮಾತ್ರ ಹಾಗೆಯೇ ಇದೆ. ಬೂದಿ ಪೊರೆಯದ್ದು, ಕಪ್ಪು ನರದ್ದು. ಎಡಗಣ್ಣು ಮುಚ್ಚಿ ಬಾಗಿಲ ಕಡೆ ನೋಡಿದೆ. ನನಗೆ ಅಲ್ಲಿ ಕಪ್ಪೇನೂ ಕಾಣಲಿಲ್ಲ. ಬಾಗಿಲ ಮೇಲಿನ ಕ್ಯಾಲೆಂಡರು ಕೂಡ ಕಾಣಲಿಲ್ಲ. ಎಡಗಣ್ಣು ಬಿಟ್ಟೆ, ಇತ್ತು.